ತೈವಾನ್: ಹಕ್ಕುಪತ್ರ ಮತ್ತು ಸಮ್ಮತಿ

ಏಕೀಕರಣ ಎಂಬ ಪದಕ್ಕೆ ಕನ್ನಡದಲ್ಲಿ ತನ್ನದೇ ಆದ ಚರಿತ್ರೆಯಿದ್ದು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ಆಡಳಿತದಡಿ ಬರಬೇಕೆಂದು ದಶಕಗಳ ಕಾಲ ನಡೆದ ಚಳವಳಿಯ ನೆನಪನ್ನೂ 1956ರ ನವೆಂಬರ್ 1ರ ಸಂಭ್ರಮವನ್ನೂ ಅದು ಒಳಗಿಟ್ಟುಕೊಂಡಿದೆ. ಹಳೆಯ ಮೈಸೂರಿನಲ್ಲಿ ಆಕ್ಷೇಪಗಳಿದ್ದರೂ ಆ ಬೇಡಿಕೆ ಎದ್ದದ್ದು ಹಂಚಿಹೋದವರ ನಡುವಿನಿಂದಲೇ. ಹೀಗಾಗಿ ಚೀನಾ ಮತ್ತು ತೈವಾನ್‌ಗಳ ಏಕೀಕರಣ ಎಂಬ ಮಾತು ಪತ್ರಿಕೆಗಳಲ್ಲಿ ಕಂಡಾಗ ಕನ್ನಡ ಓದುಗರ ಮನಸ್ಸು ತನಗರಿವಿಲ್ಲದೆಯೇ ಆ ಮಾತಿನ ಕಡೆಗೆ ಒಲಿಯುವ ಸಂಭವವುಂಟು. ಆದರೆ ತೈವಾನಿನ ಪ್ರಸಂಗದಲ್ಲಿ ಈ ಬೇಡಿಕೆ ಬರುತ್ತಿರುವುದು ಜಲಸಂಧಿಯ ಆಚೆ ದಡದಿಂದ. ಯಾರನ್ನು ಕೂಡಿಸಿಕೊಳ್ಳಬೇಕೆಂದು ಹೇಳಲಾಗುತ್ತಿದೆಯೋ ಆ ಜನರಲ್ಲಿ ಅದನ್ನು ತಕ್ಷಣ ಬಯಸುವವರು ತೀರಾ ಕೆಲವರು. ಬೀಜಿಂಗ್ ತನ್ನ ಇಂಗ್ಲಿಷ್ ಪ್ರಕಟಣೆಗಳಲ್ಲಿ ಬಳಸುವ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಪುನರೇಕೀಕರಣ' ಎಂಬ ಅರ್ಥವನ್ನು ಕೊಡುತ್ತದೆ. 'ಪುನರ್' ಎಂಬ ಆ ಉಪಸರ್ಗ, ಹಿಂದೆ ಒಂದಾಗಿದ್ದುದು ಮತ್ತೆ ಒಂದಾಗುತ್ತಿದೆ ಎಂಬ ತೀರ್ಪನ್ನು ವಿಚಾರಣೆಗೆ ಮೊದಲೇ ಕೊಟ್ಟುಬಿಡುತ್ತದೆ. 1949ರ ಅಕ್ಟೋಬರ್ 1ರಂದು ಸ್ಥಾಪನೆಯಾದ ಚೀನಾ ಜನತಾ ಗಣರಾಜ್ಯವಾದರೋ ತೈವಾನನ್ನು ಇಲ್ಲಿಯವರೆಗೆ ಒಂದು ದಿನವೂ ಆಳಿಲ್ಲ.

ಈ ವಿವಾದದ ಇನ್ನೊಂದು ಮುಖ್ಯ ಪದ ಸಾರ್ವಭೌಮತ್ವ. ಸರ್ವಭೂಮಿಗೂ ಒಡೆಯನಾದವನು ಸಾರ್ವಭೌಮ ಎಂಬ ಹಳೆಯ ಅರ್ಥ ಚಕ್ರವರ್ತಿಗಳಿಗೆ ಒಪ್ಪುವಂಥದು; ಇಂದಿನ ರಾಜ್ಯಶಾಸ್ತ್ರದಲ್ಲಿ ಅದರ ಬಳಕೆ ಹೆಚ್ಚು ಸೀಮಿತವಾದದ್ದು, ಆದರೆ ಒಂದಕ್ಕಿಂತ ಹೆಚ್ಚು ಅರ್ಥಗಳುಳ್ಳದ್ದು. ಒಂದು ನೆಲದ ಮೇಲೆ ಸರ್ಕಾರವೊಂದಕ್ಕೆ ನಿಜವಾಗಿ ಇರುವ ಹಿಡಿತ ಒಂದು ಅರ್ಥವಾದರೆ, ಇತರ ರಾಷ್ಟ್ರಗಳು ಆ ಸರ್ಕಾರಕ್ಕೆ ಕೊಡುವ ಮಾನ್ಯತೆ ಇನ್ನೊಂದು ಅರ್ಥ. ಅಮೆರಿಕದ ವಿದ್ವಾಂಸ ಸ್ಟೀಫನ್ ಕ್ರಾಸ್ನರ್ 1999ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಅರ್ಥಗಳನ್ನು ನಾಲ್ಕಾಗಿ ವಿಂಗಡಿಸಿ, ಒಂದು ಇದ್ದ ಮಾತ್ರಕ್ಕೆ ಮತ್ತೊಂದು ಇರಲೇಬೇಕೆಂದಿಲ್ಲ ಎಂದು ತೋರಿಸಿದರು. ಕರ್ನಾಟಕದ ರೈತರಿಗೆ ಇದನ್ನು ವಿವರಿಸಲು ಗ್ರಂಥದ ಅಗತ್ಯವಿಲ್ಲ. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಒಡೆತನದ ಹೆಸರೂ ಹನ್ನೆರಡನೆಯ ಅಂಕಣದಲ್ಲಿ ಸಾಗುವಳಿಯ ವಿವರವೂ ಬೇರೆಬೇರೆಯಾಗಿ ದಾಖಲಾಗುತ್ತವೆ, ಎರಡೂ ಕಡೆ ಒಂದೇ ಹೆಸರಿಲ್ಲದಾಗ ತಕರಾರು ಹುಟ್ಟುತ್ತದೆ ಎಂಬುದನ್ನು ಅವರು ಬಲ್ಲರು. 1933ರ ಮೊಂಟೆವಿಡಿಯೊ ಒಡಂಬಡಿಕೆ ರಾಷ್ಟ್ರವೊಂದಕ್ಕೆ ಇರಬೇಕಾದ ಲಕ್ಷಣಗಳೆಂದು ಹೇಳುವ ಸ್ಥಿರವಾದ ಜನಸಂಖ್ಯೆ, ಗೊತ್ತಾದ ಭೂಪ್ರದೇಶ, ಸರ್ಕಾರ, ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ ಎಂಬ ನಾಲ್ಕೂ ಸುಮಾರು 36,000 ಚದರ ಕಿಲೋಮೀಟರ್ ವಿಸ್ತಾರದ, ಸುಮಾರು 2.3 ಕೋಟಿ ಜನರ ತೈವಾನಿನಲ್ಲಿ ಕಾಣಿಸುತ್ತವೆ. ಆದರೂ 2024ರ ಜನವರಿಯಲ್ಲಿ ನೌರು ದೇಶ ಬೀಜಿಂಗಿನ ಕಡೆಗೆ ತಿರುಗಿದ ಮೇಲೆ ಅದರೊಡನೆ ಅಧಿಕೃತ ರಾಜತಾಂತ್ರಿಕ ಸಂಬಂಧ ಉಳಿಸಿಕೊಂಡವರು ವ್ಯಾಟಿಕನ್ನೂ ಸೇರಿ ಹನ್ನೆರಡು ಮಂದಿ ಮಾತ್ರ.

ಹಕ್ಕಿನ ವಾದ ಇತಿಹಾಸವನ್ನು ಆಧರಿಸಿರುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕಾಗುತ್ತದೆ. ದ್ವೀಪದ ಮೊದಲ ನಿವಾಸಿಗಳು ಆಸ್ಟ್ರೋನೇಷ್ಯನ್ ಭಾಷೆಗಳನ್ನಾಡುವ ಬುಡಕಟ್ಟುಗಳ ಜನ. ಫಿಲಿಪ್ಪೀನ್ಸಿನಿಂದ ಮಡಗಾಸ್ಕರಿನವರೆಗೆ ಹಬ್ಬಿರುವ ಭಾಷಾಕುಟುಂಬಕ್ಕೆ ಅವರು ಸೇರಿದವರು. 1624ರಲ್ಲಿ ಡಚ್ಚರು ಇಂದಿನ ತೈನಾನ್ ಬಳಿ ನೆಲೆಯೂರಿದರು; 1662ರಲ್ಲಿ ಮಿಂಗ್ ರಾಜವಂಶದ ಪಕ್ಷಪಾತಿಯಾಗಿದ್ದ ಝೆಂಗ್ ಚೆಂಗ್‌ಗೊಂಗ್ ಅವರನ್ನು ಹೊರದೂಡಿದನು; 1683ರಲ್ಲಿ ಚಿಂಗ್ ಸೇನೆ ಅವನ ವಂಶದವರನ್ನು ಸೋಲಿಸಿತು. ಚಿಂಗ್ ಆಳ್ವಿಕೆ ಪೂರ್ವದ ಪರ್ವತಪ್ರದೇಶಗಳನ್ನು ಬಹುಕಾಲ ಮುಟ್ಟಲೇ ಇಲ್ಲ, ದ್ವೀಪ ಪ್ರತ್ಯೇಕ ಪ್ರಾಂತ್ಯವಾದದ್ದು 1880ರ ದಶಕದಲ್ಲಷ್ಟೇ. ಅದಾಗಿ ಹತ್ತು ವರ್ಷ ತುಂಬುವುದರೊಳಗೆ ಜಪಾನಿನೊಡನೆ ನಡೆದ ಯುದ್ಧದಲ್ಲಿ ಸೋತ ಚಿಂಗ್ ದೊರೆಗಳು 1895ರ ಶಿಮೊನೊಸೆಕಿ ಒಪ್ಪಂದದ ಮೂಲಕ ತೈವಾನನ್ನೂ ಪಕ್ಕದ ಪೆಂಗ್‌ಹು ದ್ವೀಪಗಳನ್ನೂ ಜಪಾನಿಗೆ ಬರೆದುಕೊಟ್ಟರು. 1912ರಲ್ಲಿ ಚಕ್ರಾಧಿಪತ್ಯ ಅಳಿದು ಚೀನಾ ಗಣರಾಜ್ಯ ಹುಟ್ಟಿದಾಗ ತೈವಾನ್ ಅದರ ಭಾಗವಾಗಿರಲಿಲ್ಲ. ಆ ಗಣರಾಜ್ಯವೇ 1931ರಲ್ಲಿ ತೈಪೆಯಲ್ಲಿ ತನ್ನ ಕಾನ್ಸುಲೇಟ್ ತೆರೆಯಿತು. ವಿದೇಶೀ ನೆಲದಲ್ಲಿ ತನ್ನ ಪ್ರಜೆಗಳ ಹಿತ ಕಾಯಲು ಸರ್ಕಾರವೊಂದು ಇಡುವ ಕಚೇರಿಗೆ ಕಾನ್ಸುಲೇಟ್ ಎಂದು ಹೆಸರು.   1936ರಲ್ಲಿ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಜೊತೆ ಮಾತನಾಡಿದ ಮಾವೋ ಝೆಡಾಂಗ್, ಜಪಾನಿನ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರವಾಗಲು ಕೊರಿಯನ್ನರು ಬಯಸಿದರೆ ನೆರವಾಗುವುದಾಗಿ ಹೇಳಿ, ತೈವಾನಿಗೂ ಅದೇ ಮಾತು ಅನ್ವಯಿಸುತ್ತದೆ ಎಂದಿದ್ದರು. ದ್ವೀಪವು ಚೀನಾದಿಂದ ಬೇರ್ಪಡಿಸಲಾಗದ ಅಂಗವೆಂಬ ಇಂದಿನ ಸೂತ್ರ ಅನಾದಿಯಾದದ್ದಲ್ಲವೆಂಬುದಕ್ಕೆ ಈ ಎರಡು ಸಂಗತಿಗಳೇ ಸಾಕು.

ಆ ಸೂತ್ರ ಗಟ್ಟಿಯಾದದ್ದು ಎರಡನೆಯ ಮಹಾಯುದ್ಧದ ನಡುವೆ. 1943ರ ಕೈರೋ ಘೋಷಣೆಯಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಚೀನಾ ಗಣರಾಜ್ಯದ ನಾಯಕ ಚಿಯಾಂಗ್ ಕೈ-ಶೆಕ್ ಮೂವರೂ ಮಂಚೂರಿಯಾ, ತೈವಾನ್, ಪೆಂಗ್‌ಹುಗಳನ್ನು ಚೀನಾ ಗಣರಾಜ್ಯಕ್ಕೆ ಮರಳಿಸಬೇಕೆಂದು ಸಾರಿದರು, 1945ರ ಪಾಟ್ಸ್‌ಡಾಂ ಘೋಷಣೆ ಅದನ್ನು ಎತ್ತಿಹಿಡಿಯಿತು, ಅದೇ ವರ್ಷದ ಅಕ್ಟೋಬರ್ 25ರಂದು ತೈಪೆಯಲ್ಲಿ ಚಿಯಾಂಗ್ ಅವರ ಅಧಿಕಾರಿಗಳು ಜಪಾನೀಯರಿಂದ ಆಡಳಿತ ವಹಿಸಿಕೊಂಡರು. ಬಂದವರನ್ನು ದ್ವೀಪದ ಜನ ಮೊದಲಿಗೆ ಬಂಧುಗಳಂತೆ ಎದುರುಗೊಂಡರೆಂಬುದನ್ನು ಮರೆಯಬಾರದು. ಎರಡು ವರ್ಷವೂ ಕಳೆಯದೆ, 1947ರ ಫೆಬ್ರುವರಿ ಕೊನೆಯಲ್ಲಿ, ತೈಪೆಯ ಬೀದಿಯಲ್ಲಿ ಸುಂಕ ತೆರದ ಸಿಗರೇಟು ಮಾರುತ್ತಿದ್ದ ವಿಧವೆಯೊಬ್ಬರನ್ನು ತಂಬಾಕು ಏಕಸ್ವಾಮ್ಯ ಇಲಾಖೆಯ ಸಿಬ್ಬಂದಿ ಹೊಡೆದದ್ದರಿಂದ ಹತ್ತಿಕೊಂಡ ಕಿಚ್ಚು ಇಡೀ ದ್ವೀಪಕ್ಕೆ ಹರಡಿತು. ಮುಖ್ಯಭೂಮಿಯಿಂದ ಬಂದಿಳಿದ ಸೇನೆ ನಡೆಸಿದ ಹತ್ಯಾಕಾಂಡದಲ್ಲಿ 18,000ದಿಂದ 28,000 ಮಂದಿ ಸತ್ತಿರಬಹುದೆಂದು ತೈವಾನ್ ಸರ್ಕಾರವೇ ಮಾಡಿಸಿದ 1992ರ ವರದಿ ಅಂದಾಜಿಸಿದೆ. '2-28' ಎಂದು ಕರೆಯಲಾಗುವ ಆ ದಿನಗಳಲ್ಲಿ ವಕೀಲರು, ವೈದ್ಯರು, ಶಿಕ್ಷಕರು, ಪತ್ರಿಕಾ ಸಂಪಾದಕರು ಹೀಗೆ ವಿದ್ಯಾವಂತರ ಒಂದು ತಲೆಮಾರೇ ನಾಶವಾಯಿತು. ತೈವಾನ್ ಸ್ವಾತಂತ್ರ್ಯದ ಮಾತನ್ನು ಹೊರಗಿನವರ ಕುಮ್ಮಕ್ಕಿನಿಂದ ಹುಟ್ಟಿದ್ದೆಂದು ತಳ್ಳಿಹಾಕುವವರು ಈ ಅಧ್ಯಾಯವನ್ನು ಓದದೆ ಮುಂದೆ ಹೋಗುತ್ತಾರೆ.

1949ರ ಡಿಸೆಂಬರಿನಲ್ಲಿ, ಕಮ್ಯುನಿಸ್ಟರೊಡನೆ ನಡೆದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಸರ್ಕಾರ ತೈಪೆಗೆ ಬಂದು ನೆಲೆಸಿತು. 1950ರ ಜನವರಿಯಲ್ಲಿ ದ್ವೀಪದ ವಿಷಯಕ್ಕೆ ಕೈಹಾಕುವುದಿಲ್ಲವೆಂದಿದ್ದ ಅಮೆರಿಕದ ಅಧ್ಯಕ್ಷ ಟ್ರೂಮನ್, ಕೊರಿಯಾ ಯುದ್ಧ ಶುರುವಾದೊಡನೆ ಜೂನ್ 27ರಂದು ಏಳನೆಯ ನೌಕಾಪಡೆಯನ್ನು ಜಲಸಂಧಿಗೆ ಕಳುಹಿಸಿ, ತೈವಾನಿನ ಸ್ಥಾನಮಾನ ಇನ್ನೂ ನಿರ್ಧಾರವಾಗಬೇಕಿದೆ ಎಂದು ಸಾರಿದರು. 1951ರ ಸೆಪ್ಟೆಂಬರ್ 8ರಂದು ಸಹಿಯಾದ ಸ್ಯಾನ್‌ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದಲ್ಲಿ ಜಪಾನು ತೈವಾನಿನ ಮೇಲಿನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿತು. ಯಾರಿಗೆ ಎಂಬುದನ್ನು ಮಾತ್ರ ಅದು ಹೇಳಲಿಲ್ಲ. ಬೀಜಿಂಗ್, ತೈಪೆ ಎರಡೂ ಸರ್ಕಾರಗಳನ್ನು ಆ ಸಮ್ಮೇಳನಕ್ಕೆ ಕರೆದಿರಲಿಲ್ಲ. ಭಾರತ ಅದರಲ್ಲಿ ಭಾಗವಹಿಸದಿರಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು: ತೈವಾನನ್ನು ಚೀನಾಕ್ಕೆ ಹಿಂದಿರುಗಿಸಬೇಕೆಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿ ಇರಬೇಕೆಂದು ನೆಹರೂ ಸರ್ಕಾರ 1951ರ ಆಗಸ್ಟಿನ ತನ್ನ ಟಿಪ್ಪಣಿಯಲ್ಲಿ ಆಗ್ರಹಿಸಿತ್ತು, ಮುಂದೆ 1952ರ ಜೂನಿನಲ್ಲಿ ಜಪಾನಿನೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ವಸಾಹತುಶಾಹಿ ಕಿತ್ತುಕೊಂಡದ್ದನ್ನು ಹಿಂದಿರುಗಿಸಬೇಕೆಂಬ ಆ ನಿಲುವಿನ ಹಿಂದಿನ ನೈತಿಕ ಕಾಳಜಿ ಪ್ರಾಮಾಣಿಕವಾದದ್ದು. ಆದರೂ ದ್ವೀಪದವರ ಅಭಿಪ್ರಾಯವನ್ನು ಕೇಳಬೇಕೆಂಬ ಯೋಚನೆ, ಆಗಷ್ಟೇ ಸ್ವತಂತ್ರವಾಗಿದ್ದ ಒಂದು ದೇಶಕ್ಕೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಸ್ಥಾನಮಾನ ಅನಿರ್ಧರಿತ ಎಂಬ ವಾದ ನಿಂತಿರುವುದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಖಾಲಿ ಬಿಟ್ಟ ಆ ಜಾಗದ ಮೇಲೆ.

ಅಲ್ಲಿಂದ ಮುಂದಿನ ದಾಖಲೆಗಳಲ್ಲಿ ಕ್ರಿಯಾಪದಗಳನ್ನು ಎಚ್ಚರದಿಂದ ಓದಬೇಕು. 1971ರ ಅಕ್ಟೋಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆ 35ರ ವಿರುದ್ಧ 76 ಮತಗಳಿಂದ ಅಂಗೀಕರಿಸಿದ 2758ನೆಯ ನಿರ್ಣಯ, ಚೀನಾದ ಸ್ಥಾನವನ್ನು ಬೀಜಿಂಗಿಗೆ ಕೊಟ್ಟು 'ಚಿಯಾಂಗ್ ಕೈ-ಶೆಕ್‌ನ ಪ್ರತಿನಿಧಿಗಳನ್ನು' ಹೊರಹಾಕಿತು. ಭಾರತ ಅದರ ಪರವಾಗಿ ಮತ ಹಾಕಿತ್ತು. ಆ ನಿರ್ಣಯದಲ್ಲಿ ತೈವಾನ್ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಚೀನಾವನ್ನು ಪ್ರತಿನಿಧಿಸುವವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರಿಸಿತೇ ಹೊರತು ದ್ವೀಪ ಯಾರದೆಂಬ ಪ್ರಶ್ನೆಯನ್ನು ಎತ್ತಲೇ ಇಲ್ಲ. 1970ರಲ್ಲಿ ಬೀಜಿಂಗಿಗೆ ಮಾನ್ಯತೆ ಕೊಟ್ಟ ಕೆನಡಾ, ತೈವಾನ್ ಕುರಿತ ಚೀನಾದ ನಿಲುವನ್ನು 'ಗಮನಿಸಿದೆ' ಎಂದಿತು. 1972ರಲ್ಲಿ ಜಪಾನು 'ಪೂರ್ಣವಾಗಿ ಅರಿತು ಗೌರವಿಸುತ್ತದೆ' ಎಂದಿತು. ಅದೇ ವರ್ಷದ ಫೆಬ್ರುವರಿಯ ಶಾಂಘೈ ಜಂಟಿ ಹೇಳಿಕೆಯಲ್ಲಿ ಅಮೆರಿಕ ಬಳಸಿದ ಇಂಗ್ಲಿಷ್ ಕ್ರಿಯಾಪದಕ್ಕೆ, ಜಲಸಂಧಿಯ ಎರಡೂ ಕಡೆಯ ಚೀನೀಯರು ಚೀನಾ ಒಂದೇ ಎನ್ನುತ್ತಾರೆ ಎಂಬುದು ತನಗೆ ತಿಳಿದಿದೆ ಎಂಬಷ್ಟೇ ಬಲ. 1979ರಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಾಗ ಇಂಗ್ಲಿಷ್ ಪಾಠದಲ್ಲಿ ಅದೇ ಕ್ರಿಯಾಪದ ಉಳಿದರೂ ಚೀನೀ ಪಾಠದಲ್ಲಿ 'ಚೆಂಗ್‌ರೆನ್', ಅಂದರೆ ಒಪ್ಪಿಕೊಳ್ಳುವುದು, ಮಾನ್ಯಮಾಡುವುದು ಎಂಬರ್ಥದ ಪದ ಸೇರಿತು. ಒಂದೇ ದಾಖಲೆಯನ್ನು ಎರಡು ಭಾಷೆಗಳಲ್ಲಿ ಎರಡು ಬಗೆಯಾಗಿ ಓದುವ ಅವಕಾಶ ಹೀಗೆ ಹುಟ್ಟಿತು. ಅದೇ ವರ್ಷ ಅಮೆರಿಕದ ಸಂಸತ್ತು ಮಾಡಿದ ತೈವಾನ್ ಸಂಬಂಧಗಳ ಕಾಯಿದೆ ದ್ವೀಪಕ್ಕೆ ರಕ್ಷಣಾ ಸಾಮಗ್ರಿ ಒದಗಿಸಲು ಹೊಣೆಗೊಳಿಸಿತು. ಯುದ್ಧವಾದರೆ ಸೇನೆ ಕಳುಹಿಸುವ ಭರವಸೆಯನ್ನು ಕೊಡಲಿಲ್ಲ. ಈ ಅಸ್ಪಷ್ಟತೆ ನಾಲ್ಕು ದಶಕಗಳಿಗೂ ಮೀರಿ ಯುದ್ಧವನ್ನು ತಡೆದಿದೆ ಎಂಬ ಮಾತನ್ನು ಲಘುವಾಗಿ ಕಾಣಲಾಗದು, ಏಕೆಂದರೆ ಅದರ ಆಸರೆಯಲ್ಲೇ ದ್ವೀಪದ ಜನ ತಮ್ಮ ಪ್ರಜಾಪ್ರಭುತ್ವವನ್ನು ಕಟ್ಟಿಕೊಂಡರು.

ದ್ವೀಪದ ಒಳಗಿನ ಚರ್ಚೆಯೇ ಈ ವಿಷಯದ ಅತ್ಯಂತ ಸಮೃದ್ಧವಾದ ಭಾಗ. 1949ರ ಮೇ 20ರಂದು ಜಾರಿಯಾದ ಸೇನಾಶಾಸನ 1987ರ ಜುಲೈ 15ರವರೆಗೆ, 38 ವರ್ಷ ನಡೆಯಿತು. ಆ ಕಾಲದಲ್ಲಿ ಕೋಮಿಂಟಾಂಗ್, ಅಂದರೆ ಚಿಯಾಂಗ್ ಅವರ ರಾಷ್ಟ್ರೀಯವಾದಿ ಪಕ್ಷ, ಬೀಜಿಂಗಿನಷ್ಟೇ ಗಟ್ಟಿಯಾಗಿ ಚೀನಾ ಒಂದೇ ಎನ್ನುತ್ತಿತ್ತು. ಅದರ ನ್ಯಾಯಬದ್ಧ ಸರ್ಕಾರ ಯಾವುದು ಎಂಬಲ್ಲಿ ಮಾತ್ರ ಜಗಳ. 1947-48ರಲ್ಲಿ ಮುಖ್ಯಭೂಮಿಯ ಪ್ರಾಂತ್ಯಗಳಿಂದ ಆರಿಸಿಬಂದಿದ್ದ ಸದಸ್ಯರು, ತಮ್ಮ ಕ್ಷೇತ್ರಗಳಲ್ಲಿ ಮತ್ತೆ ಚುನಾವಣೆ ನಡೆಸಲಾಗದೆಂಬ ಕಾರಣಕ್ಕೆ, 1991ರ ಕೊನೆಯವರೆಗೂ ತೈಪೆಯ ಶಾಸನಸಭೆಗಳಲ್ಲಿ ಕುಳಿತೇ ಇದ್ದರು. 1964ರಲ್ಲಿ ಪ್ರಾಧ್ಯಾಪಕ ಪೆಂಗ್ ಮಿಂಗ್-ಮಿನ್ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ, ಮುಖ್ಯಭೂಮಿಯನ್ನು ಮರಳಿ ಗೆಲ್ಲುವುದು ಅಸಾಧ್ಯ, ಹೊಸ ಸಂವಿಧಾನ ಬೇಕು ಎಂದು ಕರಪತ್ರ ಸಿದ್ಧಪಡಿಸಿದ್ದಕ್ಕೆ ಬಂಧನಕ್ಕೊಳಗಾದರು. ಸಾರ್ವಭೌಮತ್ವದ ಪ್ರಶ್ನೆಯೂ ಪ್ರಜಾಪ್ರಭುತ್ವದ ಪ್ರಶ್ನೆಯೂ ತೈವಾನಿನಲ್ಲಿ ಒಂದೇ ಜೈಲಿನಲ್ಲಿ ಬೆಳೆದವು. 1986ರಲ್ಲಿ ನಿಷೇಧವನ್ನು ಮೀರಿ ಹುಟ್ಟಿದ ಪ್ರಜಾಪ್ರಭುತ್ವ ಪ್ರಗತಿಪರ ಪಕ್ಷ 1991ರಲ್ಲಿ ತೈವಾನ್ ಗಣರಾಜ್ಯದ ಸ್ಥಾಪನೆಯನ್ನು ತನ್ನ ಧ್ಯೇಯಗಳಲ್ಲಿ ಸೇರಿಸಿತು. 1996ರ ಮಾರ್ಚ್ 23ರಂದು, ದ್ವೀಪದ ಸುತ್ತಲ ಕಡಲಿಗೆ ಚೀನಾ ಕ್ಷಿಪಣಿಗಳನ್ನು ಹಾರಿಸಿ ಹೆದರಿಸಿದ್ದರೂ, ತೈವಾನಿನ ಜನ ಮೊದಲ ಬಾರಿಗೆ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದರು. ಲೀ ತೆಂಗ್-ಹುಯಿ ಅವರಿಗೆ ಶೇಕಡಾ 54ರಷ್ಟು ಮತ ಬಿತ್ತು. ಅಧಿಕಾರದ ಮೂಲ ಅಂದಿನಿಂದ ದ್ವೀಪದ ಮತದಾರರೇ ಆದರು.

ಅದಾದ ಮೇಲೂ ವಾದ ಸರಳವಾಗಲಿಲ್ಲ. 1992ರಲ್ಲಿ ಹಾಂಗ್‌ಕಾಂಗಿನಲ್ಲಿ ಎರಡೂ ಕಡೆಯ ಅರೆ-ಅಧಿಕೃತ ಸಂಸ್ಥೆಗಳು ನಡೆಸಿದ ಮಾತುಕತೆಗೆ '1992ರ ಒಮ್ಮತ' ಎಂಬ ಹೆಸರು ಬಂದದ್ದು 2000ದಲ್ಲಿ. ಚೀನಾ ಒಂದೇ, ಅದರ ಅರ್ಥವನ್ನು ಉಭಯರೂ ತಮತಮಗೆ ತೋರಿದಂತೆ ಹೇಳಿಕೊಳ್ಳಬಹುದು ಎಂಬುದು ಕೋಮಿಂಟಾಂಗಿನ ವ್ಯಾಖ್ಯಾನ. ಆ ಎರಡನೆಯ ಅರ್ಧವನ್ನು ಬೀಜಿಂಗ್ ತನ್ನ ಬಾಯಿಂದ ಹೇಳಲು ಒಪ್ಪುವುದಿಲ್ಲ. ಅಂಥ ಒಮ್ಮತವೇ ಆಗಿರಲಿಲ್ಲವೆನ್ನುವುದು ಪ್ರಗತಿಪರ ಪಕ್ಷದ ನಿಲುವು. ಆ ಪಕ್ಷವೂ 1999ರಲ್ಲಿ ತನ್ನ ಮಾತನ್ನು ಮೆದುಗೊಳಿಸಿ, ತೈವಾನ್ ಈಗಾಗಲೇ ಸಾರ್ವಭೌಮ, ಸಂವಿಧಾನದ ಪ್ರಕಾರ ಅದರ ಹೆಸರು ಚೀನಾ ಗಣರಾಜ್ಯ, ಈ ಸ್ಥಿತಿಯನ್ನು ಬದಲಿಸಬೇಕಾದರೆ ಜನಮತಗಣನೆ ಬೇಕು ಎಂಬ ನಿರ್ಣಯ ಮಾಡಿತು. 2008ರಿಂದ ಆಳಿದ ಕೋಮಿಂಟಾಂಗಿನ ಮಾ ಯಿಂಗ್-ಜೊ ಏಕೀಕರಣವೂ ಇಲ್ಲ, ಸ್ವಾತಂತ್ರ್ಯ ಘೋಷಣೆಯೂ ಇಲ್ಲ, ಬಲಪ್ರಯೋಗವೂ ಇಲ್ಲ ಎಂದರು. ಪರಸ್ಪರ ಎದುರಾಳಿಗಳಾದ ಎರಡು ಪಕ್ಷಗಳೂ ವ್ಯವಹಾರದಲ್ಲಿ ಯಥಾಸ್ಥಿತಿಗೆ ಬಂದು ನಿಂತದ್ದು ಮತದಾರರನ್ನು ಹಿಂಬಾಲಿಸಿ. ತೈಪೆಯ ರಾಷ್ಟ್ರೀಯ ಚೆಂಗ್‌ಚೀ ವಿಶ್ವವಿದ್ಯಾಲಯದ ಚುನಾವಣಾ ಅಧ್ಯಯನ ಕೇಂದ್ರ 1990ರ ದಶಕದ ಆರಂಭದಿಂದ ನಡೆಸಿಕೊಂಡು ಬಂದ ಸಮೀಕ್ಷೆಗಳಲ್ಲಿ ಬಹುಪಾಲು ಜನ ಒಂದಲ್ಲ ಒಂದು ರೂಪದ ಯಥಾಸ್ಥಿತಿಯನ್ನೇ ಬಯಸಿದ್ದಾರೆ. ಅದೇ ಸಮೀಕ್ಷೆಗಳ ಪ್ರಕಾರ, 1992ರಲ್ಲಿ ತಮ್ಮನ್ನು ಚೀನೀಯರೆಂದಷ್ಟೇ ಕರೆದುಕೊಂಡವರು ಸುಮಾರು ಕಾಲುಭಾಗವಿದ್ದರೆ ಈಚಿನ ವರ್ಷಗಳಲ್ಲಿ ಅವರ ಪ್ರಮಾಣ ಶೇಕಡಾ ಐದಕ್ಕಿಂತ ಕೆಳಗಿಳಿದಿದೆ. ತೈವಾನಿಗರೆಂದಷ್ಟೇ ಹೇಳಿಕೊಳ್ಳುವವರು ಆಗ ಐದನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದು, ಈಗ ಶೇಕಡಾ 60ರ ಆಸುಪಾಸಿಗೆ ಏರಿದ್ದಾರೆ.

ಕಾನೂನಿನ ದೃಷ್ಟಿಯಿಂದ ಈ ಯಥಾಸ್ಥಿತಿಯಲ್ಲಿ ಒಂದು ಕಠಿಣವಾದ ಸಿಕ್ಕು ಇದೆ. ರಾಷ್ಟ್ರಗಳ ಹುಟ್ಟಿನ ಕುರಿತು ಪ್ರಮಾಣಗ್ರಂಥ ಬರೆದ ಜೇಮ್ಸ್ ಕ್ರಾಫರ್ಡ್, ಚೀನಾದಿಂದ ತಾನು ಬೇರೆ ಎಂದು ತೈವಾನ್ ನಿಸ್ಸಂದಿಗ್ಧವಾಗಿ ಸಾರಿಕೊಂಡಿಲ್ಲವಾದ್ದರಿಂದ ಅದು ಪ್ರತ್ಯೇಕ ರಾಷ್ಟ್ರವಲ್ಲವೆಂದು ವಾದಿಸಿದರು. ಹಾಗೆ ಸಾರಿದರೆ ಏನಾಗುತ್ತದೆಂಬುದನ್ನು ಚೀನಾ 2005ರ ಮಾರ್ಚ್ 14ರಂದು ಅಂಗೀಕರಿಸಿದ ಪ್ರತ್ಯೇಕತಾವಿರೋಧಿ ಕಾನೂನಿನ ಎಂಟನೆಯ ವಿಧಿ ಹೇಳುತ್ತದೆ: ಪ್ರತ್ಯೇಕತೆ ನಡೆದರೆ, ಅದಕ್ಕೆ ಎಡೆಮಾಡುವ ದೊಡ್ಡ ಘಟನೆ ಸಂಭವಿಸಿದರೆ, ಅಥವಾ ಶಾಂತಿಯುತ ಏಕೀಕರಣದ ಸಾಧ್ಯತೆಗಳೆಲ್ಲ ಮುಗಿದರೆ 'ಶಾಂತಿಯುತವಲ್ಲದ' ಕ್ರಮ ಕೈಗೊಳ್ಳಲಾಗುವುದು. ಕೊನೆಯ ಷರತ್ತಿನ ಪ್ರಕಾರ ತೈವಾನ್ ಏನನ್ನೂ ಮಾಡದೆ ಸುಮ್ಮನಿದ್ದರೂ ಬಲಪ್ರಯೋಗಕ್ಕೆ ಕಾರಣ ಸಿಗಬಹುದು. ಬಾಯಿ ಬಿಟ್ಟರೆ ಯುದ್ಧ, ಬಿಡದಿದ್ದರೆ ರಾಷ್ಟ್ರತ್ವವಿಲ್ಲ ಎಂಬಂತಹ ಸ್ಥಿತಿಯಲ್ಲಿರುವ ಜನರ ಮೌನವನ್ನು ಅವರ ಸಮ್ಮತಿಯೆಂದು ಓದುವುದು ನ್ಯಾಯವಾಗದು.

ಬೀಜಿಂಗಿನ ವಾದಕ್ಕೆ ಸಲ್ಲಬೇಕಾದ ತೂಕವನ್ನು ಕೊಡಲೇಬೇಕು. 1895ರ ಒಪ್ಪಂದ ಸೋತವರ ಕೈಹಿಡಿದು ಬರೆಸಿಕೊಂಡದ್ದು. ಅಫೀಮು ಯುದ್ಧಗಳಿಂದ ಮೊದಲ್ಗೊಂಡು ಒಂದು ಶತಮಾನ ಕಾಲ ಪರಕೀಯರು ಚೀನಾವನ್ನು ಹರಿದು ಹಂಚಿಕೊಂಡ ಅವಮಾನ ಅಲ್ಲಿನ ಸಾಮಾನ್ಯ ಜನರ ಮನಸ್ಸಿನಲ್ಲಿಯೂ ಜೀವಂತವಾಗಿದೆ. ವಸಾಹತು ಆಳ್ವಿಕೆಯನ್ನು ಉಂಡ ಭಾರತೀಯರಿಗೆ ಆ ನೋವು ಅರ್ಥವಾಗದ್ದೇನಲ್ಲ. ಅಂತರ್ಯುದ್ಧ ಒಪ್ಪಂದದಿಂದ ಮುಗಿದಿಲ್ಲವೆಂಬುದೂ ನಿಜ. ಆದರೆ ಆ ಅವಮಾನಕ್ಕೆ ಪರಿಹಾರವನ್ನು ತೆರಬೇಕಾದವರು ದ್ವೀಪದ ಇಂದಿನ ನಿವಾಸಿಗಳು ಹೇಗಾಗುತ್ತಾರೆ? ಪೂರ್ವಿಕರ ನೆಲವೆಂಬ ವಾದವನ್ನೇ ಕೊನೆಯವರೆಗೆ ಒಯ್ದರೆ ಮೊದಲ ಹಕ್ಕು, ಇಂದು ಜನಸಂಖ್ಯೆಯಲ್ಲಿ ಶೇಕಡಾ ಎರಡೂವರೆಯಷ್ಟಿರುವ, ಸರ್ಕಾರ ಹದಿನಾರು ಪಂಗಡಗಳಾಗಿ ಗುರುತಿಸಿರುವ ಮೂಲನಿವಾಸಿಗಳದ್ದಾಗುತ್ತದೆ. 2019ರ ಜನವರಿಯಲ್ಲಿ ಅವರ ಪ್ರತಿನಿಧಿಗಳು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರಿಗೆ ಬಹಿರಂಗ ಪತ್ರ ಬರೆದು, ತಾವು ಎಂದೂ ಚೀನಾಕ್ಕೆ ಸೇರಿದವರಲ್ಲವೆಂದು ತಿಳಿಸಿದರು.

'ಒಂದು ದೇಶ, ಎರಡು ವ್ಯವಸ್ಥೆ' ಎಂಬುದು ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ತೈವಾನಿನ ಮುಂದಿಟ್ಟ ಸೂತ್ರ. ಚೀನಾದ ಧ್ವಜದಡಿ ಬಂದರೂ ಒಳಗಿನ ಆಡಳಿತ, ಆರ್ಥಿಕ ಪದ್ಧತಿ, ಜೀವನಕ್ರಮ ಹಿಂದಿನಂತೆಯೇ ಇರುತ್ತದೆಂಬ ಭರವಸೆ ಅದರದು. ಅದು ಮೊದಲು ಪ್ರಯೋಗಕ್ಕೆ ಬಂದದ್ದು 1997ರಲ್ಲಿ ಹಾಂಗ್‌ಕಾಂಗಿನಲ್ಲಿ. 2019ರ ಬೃಹತ್ ಪ್ರತಿಭಟನೆಗಳ ನಂತರ 2020ರ ಜೂನ್ 30ರಂದು ಅಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಯಾಯಿತು. ವಿರೋಧಪಕ್ಷದ ನಾಯಕರು ಸೆರೆಮನೆ ಸೇರಿದರು, ಪತ್ರಿಕೆಗಳು ಮುಚ್ಚಿದವು. ತೈವಾನಿನ ಮತದಾರರು 2019ರ ಆ ಪ್ರತಿಭಟನೆಗಳನ್ನು ದಿನದಿನವೂ ನೋಡಿದ್ದರು, ಕಾನೂನು ಬರುವ ಮೊದಲೇ 2020ರ ಜನವರಿಯಲ್ಲಿ ಪ್ರಗತಿಪರ ಪಕ್ಷದ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಅವರನ್ನು ಶೇಕಡಾ 57ರಷ್ಟು ಮತ ಕೊಟ್ಟು ಮರಳಿ ಆರಿಸಿದರು. ಏಕೀಕರಣದ ಬಳಿಕ ದ್ವೀಪಕ್ಕೆ ಸೇನೆಯನ್ನೂ ಆಡಳಿತಗಾರರನ್ನೂ ಕಳುಹಿಸುವುದಿಲ್ಲವೆಂದು 1993ರ ಮತ್ತು 2000ದ ಚೀನಾದ ಶ್ವೇತಪತ್ರಗಳು ಹೇಳಿದ್ದವು. 2022ರ ಶ್ವೇತಪತ್ರದಲ್ಲಿ ಆ ಮಾತು ಇಲ್ಲ.

ಭಾರತ 1949ರ ಡಿಸೆಂಬರಿನಲ್ಲಿಯೇ ಬೀಜಿಂಗಿಗೆ ಮಾನ್ಯತೆ ಕೊಟ್ಟು, ಇಂದಿಗೂ ತೈಪೆಯೊಡನೆ ಅಧಿಕೃತ ಸಂಬಂಧ ಹೊಂದಿಲ್ಲ. 1995ರಲ್ಲಿ ಆರಂಭವಾದ ಪರಸ್ಪರ ಕಚೇರಿಗಳ ಮೂಲಕ ವ್ಯವಹಾರ ನಡೆಯುತ್ತದೆ. 2010ರ ನಂತರದ ಜಂಟಿ ಹೇಳಿಕೆಗಳಲ್ಲಿ 'ಒಂದೇ ಚೀನಾ' ಎಂಬುದನ್ನು ದೆಹಲಿ ಮತ್ತೆ ಉಚ್ಚರಿಸಿಲ್ಲ. ದೇವನಹಳ್ಳಿಯ ಬಳಿ ತೈವಾನಿನ ಕಂಪನಿಯೊಂದು ಕಟ್ಟಿದ ಮೊಬೈಲ್ ಕಾರ್ಖಾನೆಯಿಂದಾಗಿ ಈ ಜಲಸಂಧಿಯ ಶಾಂತಿ ಕರ್ನಾಟಕದ ಮನೆಗಳ ಸಂಬಳಕ್ಕೂ ತಾಗುವ ವಿಷಯವಾಗಿದೆ. ಆದರೂ ಹಿತಾಸಕ್ತಿಗಿಂತ ಮೊದಲು ಬರಬೇಕಾದದ್ದು ನ್ಯಾಯದ ವಿಚಾರ. 1895, 1945, 1951, 1971 ಈ ನಾಲ್ಕು ಸಲವೂ ದ್ವೀಪದ ಹಣೆಬರಹವನ್ನು ತಿದ್ದಿದವರು ಅಲ್ಲಿನ ಜನರನ್ನು ಒಂದು ಮಾತೂ ಕೇಳಲಿಲ್ಲ. ಹಳೆಯ ಹಕ್ಕುಪತ್ರಗಳಲ್ಲಿ ಯಾರ ಹೆಸರೇ ಇರಲಿ, ಆ ಜನರ ಒಪ್ಪಿಗೆಯಿಲ್ಲದ ಏಕೀಕರಣ ಆಕ್ರಮಣವೇ ಆಗುತ್ತದೆ; ಅವರ ಮುಕ್ತ ಸಮ್ಮತಿಯಿಂದ ಒಂದಾಗುವುದಾದರೆ ಅದನ್ನು ತಡೆಯಲು ವಾಷಿಂಗ್ಟನ್ನಿಗಾಗಲಿ ಟೋಕಿಯೊಗಾಗಲಿ ಅಧಿಕಾರವಿಲ್ಲ.

ಆ ಸಮ್ಮತಿಯನ್ನು ಪಡೆಯುವ ದಾರಿ ತೈಪೆಯ ಸಂವಿಧಾನದಲ್ಲಿ 2005ರ ತಿದ್ದುಪಡಿಯಿಂದ ಸ್ಪಷ್ಟವಾಗಿದೆ. ಸಂವಿಧಾನವನ್ನಾಗಲಿ ದೇಶದ ಗಡಿಯನ್ನಾಗಲಿ ಬದಲಿಸಲು ಶಾಸನಸಭೆಯಲ್ಲಿ ಹಾಜರಿರುವ ಸದಸ್ಯರ ನಾಲ್ಕನೆಯ ಮೂರು ಭಾಗದ ಒಪ್ಪಿಗೆಯ ಬಳಿಕ, ಮತ ಚಲಾಯಿಸಿದವರಲ್ಲಿ ಅಲ್ಲ, ಅರ್ಹ ಮತದಾರರೆಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೌದೆನ್ನಬೇಕು. 2022ರ ನವೆಂಬರ್ 26ರಂದು ಮತದಾನದ ವಯಸ್ಸನ್ನು 20ರಿಂದ 18ಕ್ಕೆ ಇಳಿಸುವ ತಿದ್ದುಪಡಿ ಹೀಗೆ ಜನರ ಮುಂದೆ ಬಂದಾಗ ಸುಮಾರು 96 ಲಕ್ಷ ಒಪ್ಪಿಗೆಯ ಮತಗಳು ಬೇಕಿದ್ದೆಡೆ 56 ಲಕ್ಷ ಮಾತ್ರ ಬಂದು ಅದು ಬಿದ್ದುಹೋಯಿತು. ಏಕೀಕರಣವೋ ಸ್ವಾತಂತ್ರ್ಯವೋ ಎಂಬ ಪ್ರಶ್ನೆಯನ್ನು ಹೊತ್ತ ಮತಪತ್ರ ಆ ದ್ವೀಪದಲ್ಲಿ ಇಂದಿಗೂ ಅಚ್ಚಾಗಿಲ್ಲ.